ಒಂದು ಗುಂಡಲ್ಲ, ಐದು ಗುಂಡು

1/6
ಮಧುಗಿರಿ ಬೆಟ್ಟ ಹತ್ತಿರೋರು ಕೈ ಎತ್ತಿ! ಕೋಟೆ ಗೋಡೆಯಲ್ಲಿ ಕೋವಿ ಇಡೋ ಕಿಂಡಿಗಳನ್ನ ನೋಡಿರ್ತೀರಿ, ಅದರೆದುರು ನಿಂತು ಫೋಟೋನೂ ತೆಗೆಸಿಕೊಂಡಿರ್ತೀರಿ. ಪಾವಗಡದ ಬೆಟ್ಟ, ಕೊರಟಗೆರೆ ಕಡೆಯ ಚನ್ನರಾಯನದುರ್ಗ, ಶಿರಾ ಕೋಟೆ, ಎಲ್ಲವೂ ಕೋವಿ ಫಿರಂಗಿಗಳ ಕಾಲ ಕಂಡಂಥವೇ. ಇವತ್ತಿನ ಪ್ರಶ್ನೆ: ಅಲ್ಲಿಂದ ಹಾರಿಸಿದ ಗುಂಡು ಗುರಿ ಮುಟ್ಟುತ್ತಿತ್ತಾ?

ಹತ್ತಿರದಲ್ಲಿದ್ರೆ ಮುಟ್ಟುತ್ತಿತ್ತು. ದೂರ ಇದ್ರೆ ದೇವರೇ ಗತಿ.

2/6
ಹೈದರಾಲಿ ಶಿರಾ ನವಾಬ ಅನ್ನೋ ಬಿರುದು ಪಡೆದದ್ದು 1761ರಲ್ಲಿ. ಆಗಿನ ಸೈನಿಕರ ಸಾಮಾನ್ಯ ಕೋವಿಗೆ ನಳಿಗೆಯ ಒಳಭಾಗ ಬರೀ ನುಣುಪು. ಮದ್ದು, ಗುಂಡು ಎರಡನ್ನೂ ಬಾಯಿಂದಲೇ ತುಂಬಬೇಕು. ನಾಲ್ಕು ಸಲ ಹಾರಿಸಿದ ಮೇಲೆ ಒಳಗೆ ಮಸಿ ಕಟ್ಟುತ್ತೆ. ಆಗಲೂ ಗುಂಡು ಸಲೀಸಾಗಿ ಇಳಿಯಲಿ ಅಂತ ಅದನ್ನ ನಳಿಗೆಗಿಂತ ಸಣ್ಣದಾಗಿ ಎರಕ ಹೊಯ್ಯುತ್ತಿದ್ರು. ಬ್ರಿಟಿಷರ ಬ್ರೌನ್ ಬೆಸ್ ಕೋವಿಯ ನಳಿಗೆ ಸುಮಾರು 0.75 ಅಂಗುಲ, ಗುಂಡು ಸುಮಾರು 0.69 ಅಂಗುಲ. ಗುಂಡು ಒಳಗೇ ಅತ್ತಿತ್ತ ಬಡಿದುಕೊಂಡು ಬರುತ್ತಿತ್ತು. ಅದಕ್ಕೇ ಸಾಲಾಗಿ ನಿಂತು ಒಟ್ಟಿಗೆ ಹಾರಿಸೋ ಪದ್ಧತಿ.

3/6
ಈ ಗುಂಡು ಯಾಕೆ ದಾರಿ ತಪ್ಪುತ್ತೆ ಅಂತ ತಲೆ ಕೆಡಿಸಿಕೊಂಡವರು ಬೆಂಜಮಿನ್ ರಾಬಿನ್ಸ್. ಫಿರಂಗಿ ವಿದ್ಯೆ ಬಗ್ಗೆ ಅವರ ಪುಸ್ತಕ ಬಂದದ್ದು 1742ರಲ್ಲಿ. ಮುಂದೆ ಒಂದು ಪ್ರಯೋಗದಲ್ಲಿ ನಳಿಗೆಯ ತುದಿಯನ್ನ ಬೇಕಂತಲೇ ಎಡಕ್ಕೆ ಬಗ್ಗಿಸಿ ಹಾರಿಸಿದ್ರು. ಗುಂಡು ಮೊದಲು ಎಡಕ್ಕೆ ಹೋಗಿ, ಆಮೇಲೆ ಗಾಳಿಯಲ್ಲೇ ಬಲಕ್ಕೆ ತಿರುಗಿತು! ಹೊರಬರುವಾಗ ಗುಂಡು ಎತ್ತ ಉರುಳುತ್ತೋ ಅದೇ ಅದರ ದಾರಿ ಕೆಡಿಸುತ್ತೆ. ನಳಿಗೆಯೊಳಗೆ ಸುರುಳಿ ಗೀರು ಕೊರೆದರೆ ಬುಗುರಿ ಥರ ಒಂದೇ ರೀತಿ ತಿರುಗಿ ನೆಟ್ಟಗೆ ಹೋಗುತ್ತೆ. ಅದೇ ರೈಫಲ್.

ಈ ರಾಬಿನ್ಸ್ ತೀರಿಕೊಂಡದ್ದು ಎಲ್ಲಿ ಗೊತ್ತಾ? ಇಂಗ್ಲೆಂಡಲ್ಲಲ್ಲ. ನಮ್ಮ ಪಕ್ಕದ ತಮಿಳುನಾಡಿನ ಕಡಲೂರು ಹತ್ತಿರ, ಸೇಂಟ್ ಡೇವಿಡ್ ಕೋಟೆಯಲ್ಲಿ, 1751ರಲ್ಲಿ. ಆಗ ಶಿರಾ ಇನ್ನೂ ಮೊಘಲ್ ಸುಬೇದಾರರ ಕೈಲಿತ್ತು.

4/6
ಈಗ ನನ್ನ ಕಥೆ. ಎನ್‌ಸಿಸಿ ಕ್ಯಾಂಪ್, ಪಾಯಿಂಟ್ ಟೂ ಟೂ ರೈಫಲ್, 25 ಮೀಟರ್, ಐದು ಗುಂಡು. ನನ್ನದೊಂದು ಸರಿಯಾಗಿ ನಡುಮಧ್ಯಕ್ಕೆ ಬಿತ್ತು. ಕುಣಿದಾಡಿಬಿಟ್ಟೆ. ಪಕ್ಕದವನ ಐದೂ ಒಂದು ಮೂಲೆಗೆ ಬಿದ್ದಿದ್ವು, ಪಾಪ ಅಂದುಕೊಂಡೆ. ಆಯ್ಕೆಯಾದದ್ದು ಅವನು!

ಉಸ್ತಾದ್ ಹೇಳಿದ್ದು ಇಷ್ಟೇ: ಅವನ ಐದೂ ಒಂದು ರೂಪಾಯಿ ನಾಣ್ಯದಡಿ ಮುಚ್ಚುತ್ತೆ. ಸೈಟ್ ಸ್ವಲ್ಪ ತಿರುಗಿಸಿದ್ರೆ ಐದೂ ಮಧ್ಯಕ್ಕೆ ಬರುತ್ತೆ. ನಿಂದು ಹಾಳೆ ತುಂಬಾ ಚೆಲ್ಲಿದೆ, ಎಲ್ಲಿ ಅಂತ ತಿರುಗಿಸಲಿ?

ಬಿಕಾಂನವರಿಗೆ ಇದು ಹೊಸದಲ್ಲ. ಸರಾಸರಿ ಬೇರೆ, ಸ್ಟ್ಯಾಂಡರ್ಡ್ ಡೀವಿಯೇಷನ್ ಬೇರೆ!

5/6
ಇದನ್ನೇ ಆಟ ಮಾಡಿಕೊಂಡದ್ದು ಬೆಂಚ್‌ರೆಸ್ಟ್. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಬೆಳೆಯಿತು. ಮೇಜಿನ ಮೇಲೆ ಮರಳು ಚೀಲ, ಅದರ ಮೇಲೆ ರೈಫಲ್. ಕೈ ನಡುಗೋ ನೆಪ ಇಲ್ಲ. 100 ಅಥವಾ 200 ಗಜಕ್ಕೆ ಐದು ಗುಂಡು. ಅತಿ ದೂರ ಬಿದ್ದ ಎರಡು ತೂತುಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಅಳತೆ. ಅಂತರ ಕಡಿಮೆ ಇದ್ದವ ಗೆದ್ದ. ಒಮ್ಮೆ ಚೆನ್ನಾಗಿ ಬಿದ್ದರೆ ಸಾಲದು, ಹಲವು ಗುಂಪುಗಳ ಸರಾಸರಿ ತೆಗೀತಾರೆ.

ಸುಧಾರಿಸೋದೂ ಲೆಕ್ಕದ ಕೆಲಸವೇ. ಮದ್ದಿನ ತೂಕ, ಗುಂಡು, ಗಾಳಿ ನೋಡೋ ಬಾವುಟ, ಹೀಗೆ ಒಂದೊಂದನ್ನೇ ಬದಲಾಯಿಸಿ ಮತ್ತೆ ಅಳೀಬೇಕು. ಎರಡನ್ನ ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ.

6/6
ನಮ್ಮ ಕಡೆ ಪ್ರತಿ ಕೋಟೆಗೂ ‘ಒಂದೇ ಗುಂಡಿಗೆ ಉರುಳಿಸಿದ’ ಅನ್ನೋ ಕಥೆ ಇರುತ್ತೆ. ಮುಂದಿನ ಸಲ ಕೇಳಿದಾಗ ತಲೆದೂಗೋ ಮುಂಚೆ ಒಂದು ಮಾತು ಕೇಳಿ: ಉಳಿದ ನಾಲ್ಕು ಗುಂಡು ಎಲ್ಲಿ ಹೋದ್ವು?

ನಿಮ್ಮೂರ ಕೋಟೆ ಕಿಂಡಿಯ ಫೋಟೋ ಇದ್ರೆ ಟ್ಯಾಗ್ ಮಾಡಿ.

#ಊರಚರಿತ್ರೆ #ಮಧುಗಿರಿ #ಶಿರಾ #ಕೊರಟಗೆರೆ #ಪಾವಗಡ