ಕಾರಿನ ಆಂಪ್ಲಿಫೈಯರ್ ಮತ್ತು ಸಬ್‌ವೂಫರ್: ದೋಷ ಪತ್ತೆಯ ಕ್ರಮ

ಮಂದ್ರ ಸ್ವರಗಳನ್ನು ನುಡಿಸುವ ದೊಡ್ಡ ಸ್ಪೀಕರಿಗೆ ಸಬ್‌ವೂಫರ್ ಎಂದು ಹೆಸರು. ಅದಕ್ಕೆ ಶಕ್ತಿಯನ್ನು ಒದಗಿಸುವುದು ಆಂಪ್ಲಿಫೈಯರ್. ಇವು ಮೌನವಾದೊಡನೆ ಸುಟ್ಟ ಫ್ಯೂಸಿನ ಜಾಗದಲ್ಲಿ ಹೆಚ್ಚು ಆಂಪಿಯರಿನ ಫ್ಯೂಸನ್ನೋ ತಂತಿಯ ತುಂಡನ್ನೋ ಹಾಕುವವರುಂಟು. ಇದು ಅಪಾಯಕರ. ಫ್ಯೂಸ್ ಇರುವುದು ತಂತಿಯನ್ನು ಕಾಯುವುದಕ್ಕಾಗಿ. ಅದು ಕರಗದಿದ್ದರೆ ತಂತಿಯೇ ಕಾದು ವಾಹನಕ್ಕೆ ಬೆಂಕಿ ಹತ್ತಬಹುದು. ದೋಷವನ್ನು ಕಂಡುಕೊಂಡ ಬಳಿಕ ಅದೇ ಅಳತೆಯ ಹೊಸ ಫ್ಯೂಸನ್ನೇ ಹಾಕಬೇಕು. ಪರೀಕ್ಷೆಗೆ ಸಾಧಾರಣ ಮಲ್ಟಿಮೀಟರ್ ಸಾಕು.

ವಿದ್ಯುತ್ ಪೂರೈಕೆ: ಮೀಟರಿನ ಕಪ್ಪು ಕಡ್ಡಿಯನ್ನು ಆಂಪ್ಲಿಫೈಯರಿನ ಅರ್ತ್ ತಿರುಪಿಗೂ ಕೆಂಪು ಕಡ್ಡಿಯನ್ನು ಬ್ಯಾಟರಿ ತಂತಿಯ ತಿರುಪಿಗೂ ಮುಟ್ಟಿಸಬೇಕು. ಎಂಜಿನ್ ನಿಂತಿರುವಾಗ ಸುಮಾರು 12.6, ಓಡುತ್ತಿರುವಾಗ ಸುಮಾರು 14 ವೋಲ್ಟ್ ತೋರಬೇಕು. ಏನೂ ತೋರದಿದ್ದರೆ ಕಪ್ಪು ಕಡ್ಡಿಯನ್ನು ಕಾರಿನ ಬಣ್ಣವಿಲ್ಲದ ಲೋಹಕ್ಕೆ ಮುಟ್ಟಿಸಿ ನೋಡಬೇಕು. ಆಗ ವೋಲ್ಟ್ ಬಂದರೆ ದೋಷ ಅರ್ತ್ ತಂತಿಯಲ್ಲಿದೆ. ಆಗಲೂ ಬಾರದಿದ್ದರೆ ಫ್ಯೂಸಿನಲ್ಲಿ ಅಥವಾ ಬ್ಯಾಟರಿಯಿಂದ ಬರುವ ತಂತಿಯಲ್ಲಿದೆ. ಸ್ಟೀರಿಯೊ ಚಾಲೂ ಇರುವಾಗ ‘ರಿಮೋಟ್’ ತಿರುಪಿನಲ್ಲಿಯೂ ಸುಮಾರು 12 ವೋಲ್ಟ್ ಇರಬೇಕು. ಇಲ್ಲವಾದರೆ ಆಂಪ್ಲಿಫೈಯರ್ ಎಚ್ಚರಗೊಳ್ಳುವುದಿಲ್ಲ.

ರಕ್ಷಣಾ ದೀಪ: ‘ಪ್ರೊಟೆಕ್ಟ್’ ದೀಪ ಉರಿಯುತ್ತಿದ್ದರೆ, ಎಲ್ಲವನ್ನೂ ಆರಿಸಿ ಸ್ಪೀಕರ್ ತಂತಿಗಳನ್ನು ಬಿಚ್ಚಿ ಮತ್ತೆ ಚಾಲೂ ಮಾಡಬೇಕು. ದೀಪ ಆರಿದರೆ ದೋಷ ಸಬ್‌ವೂಫರಿನಲ್ಲಿ ಅಥವಾ ಅದರ ತಂತಿಯಲ್ಲಿದೆ. ಆರದಿದ್ದರೆ ಸ್ಟೀರಿಯೊದಿಂದ ಬರುವ ಆರ್‌ಸಿಎ ತಂತಿಗಳನ್ನೂ ತೆಗೆದು ನೋಡಬೇಕು. ಆಗಲೂ ಉರಿದರೆ ಆಂಪ್ಲಿಫೈಯರಿನ ಒಳಭಾಗವೇ ಕೆಟ್ಟಿರುವ ಸಂಭವ ಹೆಚ್ಚು.

ಸಬ್‌ವೂಫರ್: ತಂತಿ ಬಿಚ್ಚಿದ ಸಬ್‌ವೂಫರಿನ ರೋಧವನ್ನು ಅಳೆಯಬೇಕು. 4 ಓಮಿನ ಸುರುಳಿ ಮೀಟರಿನಲ್ಲಿ 3ರಿಂದ 4 ಓಮಿನೊಳಗೆ ತೋರುವುದು ಸಹಜ. ಅನಂತವೆಂದು ತೋರಿದರೆ ಸುರುಳಿ ತುಂಡಾಗಿದೆ. ಸೊನ್ನೆಯ ಸಮೀಪವಿದ್ದರೆ ಶಾರ್ಟ್ ಆಗಿದೆ. ಶಂಕುವನ್ನು ಎರಡೂ ಕೈಗಳಿಂದ ಮೆಲ್ಲನೆ ಸಮನಾಗಿ ಒತ್ತಿದಾಗ ಕರಕರ ಸದ್ದು ಬಂದರೆ ಸುರುಳಿ ಸುಟ್ಟು ಉಬ್ಬಿರಬಹುದು.

ಜೋಡಣೆ: ಪ್ರೌಢಶಾಲೆಯ ವಿಜ್ಞಾನದಲ್ಲಿ ಕಲಿಯುವ ಓಮ್‌ನ ನಿಯಮ ಇಲ್ಲಿ ಪ್ರತ್ಯಕ್ಷವಾಗುತ್ತದೆ. 4 ಓಮಿನ ಎರಡು ಸುರುಳಿಗಳನ್ನು ಸಮಾಂತರವಾಗಿ ಜೋಡಿಸಿದರೆ 2 ಓಮ್ ಆಗಿ, ಅದೇ ವೋಲ್ಟಿಗೆ ಪ್ರವಾಹ ಇಮ್ಮಡಿಯಾಗುತ್ತದೆ. 4 ಓಮಿಗಿಂತ ಕಡಿಮೆಯನ್ನು ತಾಳದ ಆಂಪ್ಲಿಫೈಯರ್ ಆಗ ಕಾದು ಆರಿಹೋಗುತ್ತದೆ; ಒಮ್ಮೊಮ್ಮೆ ಶಾಶ್ವತವಾಗಿ ಕೆಡುತ್ತದೆ.

ತಂತಿಗಳನ್ನು ಬಿಚ್ಚುವ ಮುನ್ನ ಬ್ಯಾಟರಿಯ ಋಣಧ್ರುವದ ಸಂಪರ್ಕವನ್ನು ತೆಗೆಯಬೇಕು. ಅಳೆಯುವಾಗ ಮಾತ್ರ ಮರಳಿ ಕೊಡಬೇಕು. ಆಂಪ್ಲಿಫೈಯರನ್ನು ಬಿಚ್ಚುವ ಕೆಲಸ ನುರಿತ ಮೆಕ್ಯಾನಿಕ್‌ಗೆ ಬಿಟ್ಟದ್ದು. ಸಂಪರ್ಕ ತೆಗೆದ ಮೇಲೂ ಅದರ ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರಬಹುದು.