ಭತ್ತದ ಹುಲ್ಲಿನ ಸತ್ತ್ವವಿಚಾರ

ಕನ್ನಡದಲ್ಲಿ ಪಶುಶಾಸ್ತ್ರವು ನೂತನವಾದುದಲ್ಲ. ಚಾಲುಕ್ಯವಂಶೀಯನಾದ ಕೀರ್ತಿವರ್ಮನು ಕ್ರಿ. ಶ. ೧೨ನೆಯ ಶತಮಾನದ ಆದಿಭಾಗದಲ್ಲಿ ‘ಗೋವೈದ್ಯ’ವನ್ನು ರಚಿಸಿದುದು ಸಾಹಿತ್ಯಚರಿತ್ರೆಯನ್ನು ಬಲ್ಲವರಿಗೆಲ್ಲ ವಿದಿತವಾಗಿದೆ. ಆ ಶತಮಾನದಲ್ಲಿಯೇ ಕುರುಗೋಡು ಕಲ್ಯಾಣದ ಚಾಲುಕ್ಯರ ಸಾಮಂತರಾದ ಸಿಂದರ ನೆಲೆಯಾಗಿದ್ದಿತು. ಅಲ್ಲಿಯ ದೊಡ್ಡಬಸವೇಶ್ವರನ ಆಲಯದಲ್ಲಿ ಏಕಶಿಲೆಯ ಮಹಾನಂದಿಯೇ ಆರಾಧ್ಯದೈವ. ಆದರೆ ವೃಷಭವನ್ನು ಹೀಗೆ ಪೂಜಿಸಿದ ನಾಡಿನಲ್ಲಿ, ಯಾವ ಮೇವಿನಿಂದ ಎತ್ತಿಗೆ ಎಷ್ಟು ಪುಷ್ಟಿಯುಂಟಾಗುವುದೆಂಬುದನ್ನು ತಕ್ಕಡಿಯಲ್ಲಿ ತೂಗಿ ನಿರ್ಣಯಿಸುವ ಕಾರ್ಯವು ಬಹುಕಾಲಾನಂತರ ಮೊದಲಾಯಿತು.

ಅದರ ಅವಶ್ಯಕತೆಯನ್ನು ಬಳ್ಳಾರಿ ಸೀಮೆಯು ಕಷ್ಟದಿಂದಲೇ ಕಲಿತಿತು. ೧೮೭೬-೭೮ರ ಮಹಾಕ್ಷಾಮದಲ್ಲಿ ಮನುಷ್ಯರೊಡನೆ ದನಕರುಗಳೂ ಮೇವಿಲ್ಲದೆ ಅಳಿದುವು. ಎರೆಯ ನೆಲವು ಎತ್ತಿನ ಬಲವಿಲ್ಲದೆ ಉಳುಮೆಗೆ ಬಾರದು. ಆದುದರಿಂದ ಮಳೆ ಬಂದ ಮೇಲೂ ಎತ್ತು ಸತ್ತ ರೈತನ ಕ್ಷಾಮವು ತೀರಲಿಲ್ಲ. ಮುಂದೆ ೧೯೦೬ರಲ್ಲಿ ಹಗರಿಯಲ್ಲಿಯೂ ೧೯೩೭ರಲ್ಲಿ ಸಿರುಗುಪ್ಪೆಯಲ್ಲಿಯೂ ಕೃಷಿಸಂಶೋಧನಕ್ಷೇತ್ರಗಳು ಸ್ಥಾಪಿತವಾಗಿ, ನೆಲ ಬೆಳೆಗಳ ಪರೀಕ್ಷೆ ನಡೆಯಿತು. ಮೇವಿನ ಪರೀಕ್ಷೆಯಾದರೋ ಬೆಂಗಳೂರಿನಲ್ಲಿ ನಡೆಯಿತು.

೧೯೨೩ರಲ್ಲಿ ಬೆಂಗಳೂರಿನಲ್ಲಿ ಪಶುಪಾಲನೆ ಮತ್ತು ಹೈನಿನ ಇಂಪೀರಿಯಲ್ ಸಂಸ್ಥೆಯು ಏರ್ಪಟ್ಟಿತು. ೧೯೨೭ರಲ್ಲಿ ಮಹಾತ್ಮಾ ಗಾಂಧಿಯವರು ಗೋಪಾಲನೆಯ ಕ್ರಮವನ್ನರಿಯಲು ಬಂದುದು ಇಲ್ಲಿಗೇ. ಆ ದಶಕದಲ್ಲಿ ಇಲ್ಲಿ ಶರೀರ-ರಸಾಯನ ವಿಭಾಗದ ಕಾರ್ಯವನ್ನು ವಹಿಸಿದವರು ಎಫ್. ಜೆ. ವಾರ್ತ್ ಎಂಬ ವಿಜ್ಞಾನಿಗಳು. ಅವರು ಮೊದಲು ಬರ್ಮಾದೇಶದಲ್ಲಿ ಕೃಷಿರಸಾಯನಜ್ಞರಾಗಿದ್ದು, ಅಕ್ಕಿಯ ಕಾಳುಗಳು ಕ್ಷಾರದ್ರವದಲ್ಲಿ ಬಿರಿಯುವ ರೀತಿಯಿಂದ ತಳಿಗಳ ಭೇದವನ್ನು ತಿಳಿಯುವ ವಿಧಾನವನ್ನು ದಾರಾಬ್‌ಸೆಟ್ ಎಂಬುವರೊಡನೆ ೧೯೧೪ರಲ್ಲಿ ಪ್ರಕಟಿಸಿದ್ದರು. ಅಕ್ಕಿಯ ಗುಣವನ್ನು ಪರೀಕ್ಷಿಸುವವರು ಆ ವಿಧಾನವನ್ನು ಇಂದಿಗೂ ಬಿಟ್ಟಿಲ್ಲ. ಕಾಳಿನಿಂದ ಮೊದಲಾದ ಅವರ ವಿಚಾರವು ಬೆಂಗಳೂರಿನಲ್ಲಿ ಹುಲ್ಲಿಗೆ ತಿರುಗಿತು.

ಪಚನಪ್ರಯೋಗದ ಕ್ರಮವು ಸರಳವಾದರೂ ಶ್ರಮಸಾಧ್ಯವಾದುದು. ಎತ್ತು ತಿಂದ ಮೇವನ್ನೂ, ಉಳಿಸಿದುದನ್ನೂ, ಹಾಕಿದ ಸಗಣಿಯನ್ನೂ ದಿನದಿನವೂ ತೂಗಿ, ಪ್ರತಿಯೊಂದರ ಸಾರಾಂಶಗಳನ್ನು ರಸಾಯನಕ್ರಮದಿಂದ ಅಳೆಯಬೇಕು. ತಿಂದುದರಲ್ಲಿ ಹೊರಬಿದ್ದುದನ್ನು ಕಳೆದರೆ ಉಳಿಯುವುದೇ ಜೀರ್ಣವಾದ ಭಾಗ. ಗಂಜಲದ ಸಾರಜನಕವನ್ನೂ ಲೆಕ್ಕಿಸಿದರೆ, ಜೀರ್ಣವಾದುದರಲ್ಲಿ ದೇಹಕ್ಕೆ ದಕ್ಕಿದುದೆಷ್ಟೆಂಬುದು ತಿಳಿಯುವುದು. ಈ ಕ್ರಮವನ್ನು ಭಾರತದ ದನಕ್ಕೂ ಭಾರತದ ಮೇವಿಗೂ ಅನ್ವಯಿಸಿದುದೇ ವಾರ್ತ್‌ರವರ ಮುಖ್ಯ ಸಾಧನೆ. ಅಲ್ಲಿಯವರೆಗೆ ಪ್ರಮಾಣವೆನಿಸಿದ್ದ ಅಂಕಿಗಳು ಯುರೋಪಿನ ದನಕರುಗಳವು.

ಭತ್ತದ ಹುಲ್ಲನ್ನು ಕುರಿತು ವಾರ್ತ್‌ರವರೂ ಅವರ ಸಹಕಾರಿಗಳೂ ವಿಶೇಷ ಪರೀಕ್ಷೆ ನಡೆಸಿದರು. ಈ ಪರಂಪರೆಯ ಶೋಧನೆಗಳಿಂದ ಸಿದ್ಧವಾದುದಿಷ್ಟು: ನೂರು ಪಾಲು ಹುಲ್ಲಿನಲ್ಲಿ ಸಾರಜನಕಯುಕ್ತ ಸತ್ತ್ವವು ಮೂರು ನಾಲ್ಕು ಪಾಲು ಮಾತ್ರ, ಅದರಲ್ಲಿಯೂ ಜೀರ್ಣವಾಗುವುದು ಅತ್ಯಲ್ಪ. ಮರಳಿನ ಜಾತಿಯ ಸಿಲಿಕವು ಅಧಿಕ. ಹುಲ್ಲಿನಲ್ಲಿ ಸುಣ್ಣದ ಅಂಶವಿದ್ದರೂ ಆಕ್ಸಲಿಕ್ ಆಮ್ಲವು ಅದನ್ನು ಬಂಧಿಸುವುದರಿಂದ ದೇಹಕ್ಕೆ ಚೆನ್ನಾಗಿ ದಕ್ಕದು. ಹೀಗೆ ಹೊಟ್ಟೆ ತುಂಬಿದ ಎತ್ತೂ ಸೊರಗಬಹುದು.

ವಾರ್ತ್‌ರವರ ತರುವಾಯ ಈ ಕಾರ್ಯವನ್ನು ಮುಂದುವರಿಸಿದವರು ಕೆ. ಸಿ. ಸೇನ್‌ರವರು. ವಿಭಾಗವು ಮೂವತ್ತರ ದಶಕದ ಅಂತ್ಯದಲ್ಲಿ ಉತ್ತರದ ಇಜ್ಜತ್‌ನಗರಕ್ಕೆ ಹೋಯಿತು. ಭಾರತೀಯ ಮೇವುಗಳ ಪೋಷಕಮೌಲ್ಯಗಳನ್ನು ಸಂಗ್ರಹಿಸಿದ ಸೇನ್‌ರವರ ಗ್ರಂಥವು ೧೯೩೮ರಲ್ಲಿ ಹೊರಬಂದಿತು. ಒಣಹುಲ್ಲನ್ನು ಕ್ಷಾರದಿಂದ ಸಂಸ್ಕರಿಸುವ ಪ್ರಯೋಗವನ್ನು ಅವರು ಸಹಕಾರಿಗಳೊಡನೆ ೧೯೪೨ರಲ್ಲಿ ಪ್ರಕಟಿಸಿದರು. ಮೆಲುಕು ಹಾಕುವ ಪ್ರಾಣಿಯ ಮೊದಲನೆಯ ಜಠರದಲ್ಲಿ ಸೂಕ್ಷ್ಮಜೀವಿಗಳು ನಾರನ್ನು ಹುಳಿಸಿ ಆಮ್ಲಗಳನ್ನುಂಟುಮಾಡುವುವೆಂದೂ, ಆ ಆಮ್ಲಗಳನ್ನು ಜಠರದ ಭಿತ್ತಿಯೇ ಹೀರುವುದೆಂದೂ ಕೇಂಬ್ರಿಜ್ಜಿನಲ್ಲಿ ಬಾರ್‌ಕ್ರಾಫ್ಟ್ ಮೊದಲಾದವರು ೧೯೪೪ರಲ್ಲಿ ತೋರಿಸಿದ ಮೇಲೆ ಈ ಸಂಸ್ಕಾರದ ಮರ್ಮವು ಸ್ಪಷ್ಟವಾಯಿತು. ಹುಲ್ಲು ಮೊದಲು ಈ ಜೀವಿಗಳಿಗೆ ಆಹಾರ. ಅವುಗಳ ಮೂಲಕ ಎತ್ತಿಗೆ. ಕ್ಷಾರವು ನಾರಿನ ಕಟ್ಟನ್ನು ಸಡಿಲಿಸಿ ಅವುಗಳಿಗೆ ದಾರಿ ಮಾಡಿಕೊಡುವುದು.

ಇಲ್ಲಿ ಒಂದು ಪೂರ್ವಪಕ್ಷವುಂಟು. ಜೋಳದ ಸೊಪ್ಪೆಯು ಭತ್ತದ ಹುಲ್ಲಿಗಿಂತ ಮೇಲೆಂಬುದನ್ನು ಬಳ್ಳಾರಿಯ ರೈತನು ಎಂದಿನಿಂದಲೋ ಬಲ್ಲನು. ಪ್ರಯೋಗಶಾಲೆ ಹೊಸದಾಗಿ ಹೇಳಿದುದೇನು? ಸೊಪ್ಪೆಯ ಬಣವೆ ಇರುವವರೆಗೆ ಈ ಆಕ್ಷೇಪವು ಸಾಧುವೇ. ಆದರೆ ತುಂಗಭದ್ರೆಯ ಅಣೆಕಟ್ಟಿನಿಂದ ೧೯೫೩ರಲ್ಲಿ ನೀರು ಹರಿಯತೊಡಗಿದ ಮೇಲೆ, ಸಿರುಗುಪ್ಪೆಯ ಕಾಲುವೆಯ ಬಯಲಿನಲ್ಲಿ ಜೋಳದ ಸ್ಥಾನವನ್ನು ಬಹುಮಟ್ಟಿಗೆ ಭತ್ತವು ಆಕ್ರಮಿಸಿತು. ಮನುಷ್ಯನ ಅನ್ನ ಹೆಚ್ಚಿತು. ಎತ್ತಿನ ಅನ್ನವು ಹೀನವಾಯಿತು. ಹಳೆಯ ಅನುಭವವು ಈ ಹೀನತೆಯನ್ನು ಗುರುತಿಸಬಲ್ಲುದಲ್ಲದೆ ಪರಿಹರಿಸಲಾರದು. ಪರಿಹಾರವು ಶೋಧನೆಯಿಂದ ಬಂದಿತು: ಹಿಂಡಿ, ಹಸಿರು ಮೇವು, ಖನಿಜಮಿಶ್ರಣಗಳನ್ನು ಕೂಡಿಸುವುದು; ಇಲ್ಲವೆ ೧೦೦ ಕಿಲೋ ಹುಲ್ಲಿಗೆ ೪ ಕಿಲೋ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ ಮೂರು ವಾರ ಮುಚ್ಚಿಡುವುದು. ಅಳತೆಯು ತಪ್ಪಿದರೆ ಅದೇ ಯೂರಿಯಾ ವಿಷವಾಗುವುದರಿಂದ, ಇಲ್ಲಿ ಊಹೆಗೆ ಎಡೆಯಿಲ್ಲ.

ಬೆಂಗಳೂರಿನಿಂದ ಹೊರಟುಹೋದ ಈ ವಿದ್ಯೆಗೆ ೧೯೯೫ರಲ್ಲಿ ಆಡುಗೋಡಿಯಲ್ಲಿ ರಾಷ್ಟ್ರೀಯ ಪಶುಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯು ಸ್ಥಾಪಿತವಾಗಿ ಪುನಃ ನೆಲೆಯಾಯಿತು. ಕೀರ್ತಿವರ್ಮನ ಹೆಸರನ್ನು ಸಾಹಿತ್ಯಚರಿತ್ರೆಯು ಉಳಿಸಿಕೊಂಡಿದೆ. ವಾರ್ತ್‌ರವರ ಹೆಸರನ್ನು ನಾಡಿನ ಚರಿತ್ರೆಯು ಇನ್ನೂ ಬರೆದುಕೊಳ್ಳಬೇಕಾಗಿದೆ. ಸಿರುಗುಪ್ಪೆಯ ಭತ್ತದ ಚರಿತ್ರೆಯನ್ನು ಬರೆಯುವವರು ಅದರ ಹುಲ್ಲಿನ ಚರಿತ್ರೆಯನ್ನೂ ಸೇರಿಸುವುದು ಯುಕ್ತವಾಗಿದೆ.