ಉಜ್ಜಿದ ಮೇಲೆ ವೀಳ್ಯ

ಬಾಯಿನಾತದ ಭಯ ಹುಟ್ಟಿಸಿದ್ದೇ ಜಾಹೀರಾತು ಎನ್ನುವವರಿದ್ದಾರೆ. ಅವರ ಮಾತಿಗೆ ಆಧಾರವೂ ಇದೆ. 1879ರಲ್ಲಿ ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆಯ ನಂಜುನಿವಾರಕವಾಗಿ ತಯಾರಾದ ಲಿಸ್ಟರಿನ್, 1920ರ ದಶಕದಲ್ಲಿ ಉಸಿರು ನಾರಿದರೆ ಮದುವೆಯೇ ಆಗದೆಂದು ಹೆದರಿಸಿ ಮಾರಾಟ ಬೆಳೆಸಿಕೊಂಡಿತು. ಆದರೆ ನಮ್ಮ ಕಡೆ ಆ ಚಿಂತೆ ಜಾಹೀರಾತಿಗಿಂತ ಶತಮಾನಗಳಷ್ಟು ಹಳೆಯದು. ಹಳಬರ ರೂಢಿಯಲ್ಲಿ ಒಂದು ಕ್ರಮವೂ ಇತ್ತು: ಮೊದಲು ಕೊಳೆ ತೆಗೆಯುವುದು, ಪರಿಮಳ ಆಮೇಲೆ. ವ್ಯಾಪಾರ ಮಾಡಿದ್ದು ಈ ಕ್ರಮವನ್ನು ತಲೆಕೆಳಗು ಮಾಡುವ ಕೆಲಸ.

ಕ್ರಮದ ಮೊದಲ ಸಾಕ್ಷಿ ಚರಕಸಂಹಿತೆ. ತುದಿ ಜಜ್ಜಿದ ಕಡ್ಡಿಯಿಂದ ದಿನಕ್ಕೆರಡು ಬಾರಿ, ಒಸಡಿಗೆ ನೋವಾಗದಂತೆ ಹಲ್ಲುಜ್ಜಬೇಕೆಂದು ಅದು ಹೇಳುತ್ತದೆ. ಹೊಂಗೆ, ಎಕ್ಕ, ಕಣಗಿಲೆ ಮೊದಲಾದ ಗಿಡಗಳನ್ನು ಹೆಸರಿಸುತ್ತದೆ. ಕಹಿ ಕಡ್ಡಿಗಳಲ್ಲಿ ಬೇವೇ ಮೇಲೆಂಬುದು ಸುಶ್ರುತನ ಅಭಿಪ್ರಾಯ. ಇವೆರಡಕ್ಕಿಂತ ಮುಖ್ಯವಾದದ್ದು ನಾಲಿಗೆಯ ಮಾತು. ನಾಲಿಗೆಯ ಬುಡದಲ್ಲಿ ಕೂತ ಮಲವೇ ದುರ್ಗಂಧಕ್ಕೆ ಕಾರಣ, ಆದ್ದರಿಂದ ಚಿನ್ನ, ಬೆಳ್ಳಿ, ತಾಮ್ರದಂಥ ಲೋಹದ ಪಟ್ಟಿಯಿಂದ ಅದನ್ನು ಕೆರೆಯಬೇಕೆಂಬುದು ಚರಕನ ವಿಧಿ. ಇಂದಿನ ದಂತವೈದ್ಯರು ಬೊಟ್ಟು ಮಾಡುವುದೂ ಅದೇ ಜಾಗಕ್ಕೆ. ನಾಲಿಗೆಯ ಹಿಂಭಾಗದಲ್ಲಿ ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಪ್ರೋಟೀನನ್ನು ಒಡೆದು ಗಂಧಕದ ಅನಿಲಗಳನ್ನು ಬಿಡುತ್ತವೆ; ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಬೆಳಗಿನ ಬಾಯಿ ಹೆಚ್ಚು ನಾರುತ್ತದೆ. ಚರಕನ ಕಾಲಕ್ಕೆ ಬ್ಯಾಕ್ಟೀರಿಯಾದ ಅರಿವಿರಲಿಲ್ಲ. ಜಾಗವನ್ನು ಮಾತ್ರ ಸರಿಯಾಗಿ ಗುರುತಿಸಿದ್ದರು.

ವೀಳ್ಯದ ಸರದಿ ಬರುವುದು ಇದಾದ ಮೇಲೆ. ಬಾಯಿ ಘಮಘಮಿಸಲೆಂದು ಲವಂಗ, ಏಲಕ್ಕಿ, ಪಚ್ಚಕರ್ಪೂರ, ಅಡಿಕೆ, ವೀಳ್ಯದೆಲೆಗಳನ್ನು ಬಾಯಲ್ಲಿಟ್ಟುಕೊಳ್ಳಲು ಚರಕಸಂಹಿತೆ ಹೇಳುವುದು ಉಜ್ಜುವ, ಕೆರೆಯುವ ವಿಧಿಗಳನ್ನು ಮುಗಿಸಿದ ಬಳಿಕ. 12ನೆಯ ಶತಮಾನದಲ್ಲಿ ಕಲ್ಯಾಣ ಚಾಳುಕ್ಯರ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ತಾಂಬೂಲವನ್ನು ಅರಸನ ಭೋಗಗಳ ಸಾಲಿಗೆ ಸೇರಿಸಿದ. ಮುಂದೆ ಹೊನ್ನಾವರವನ್ನೂ ಕಂಡ ಪ್ರವಾಸಿ ಇಬ್ನ್ ಬತೂತ, ವೀಳ್ಯ ಉಸಿರನ್ನು ಸುವಾಸನೆಗೊಳಿಸುತ್ತದೆಂದು ಬರೆದ. 1443ರಲ್ಲಿ ವಿಜಯನಗರಕ್ಕೆ ಬಂದ ರಾಯಭಾರಿ ಅಬ್ದುರ್ ರಝಾಕನಿಗೆ ಆಸ್ಥಾನದಲ್ಲಿ ವೀಳ್ಯ, ಕರ್ಪೂರಗಳ ಮರ್ಯಾದೆ ಸಿಕ್ಕಿತು.

ಇದೆಲ್ಲ ಉಳ್ಳವರ ಶೋಕಿಯಲ್ಲವೇ ಎಂದು ಕೇಳಬಹುದು. ಕರ್ಪೂರದ ಮಟ್ಟಿಗೆ ಹೌದು. ಬೇವಿನ ಕಡ್ಡಿಗೆ ಮಾತ್ರ ಯಾರೂ ಕಾಸು ಕೊಡಬೇಕಿರಲಿಲ್ಲ. ಉಜ್ಜಿ ಮುಗಿದ ಕಡ್ಡಿಯನ್ನೇ ಸೀಳಿ, ಬಗ್ಗಿಸಿ ನಾಲಿಗೆ ಕೆರೆದುಕೊಳ್ಳುತ್ತಿದ್ದವರಿಗೆ ಬೆಳ್ಳಿಯ ಪಟ್ಟಿಯೂ ಬೇಕಿರಲಿಲ್ಲ. ಉಂಡೆದ್ದು ಬಾಯಿ ಮುಕ್ಕಳಿಸುವುದಂತೂ ನೀರಿದ್ದವರೆಲ್ಲರ ರೂಢಿ. ಹಲ್ಲುಜ್ಜುವ ಪುಡಿ ಪೊಟ್ಟಣಕ್ಕೆ ಬಂದದ್ದು ತಡವಾಗಿ. ಹಲ್ಲುಪುಡಿಯಿಂದ ನಂಜನಗೂಡಿಗೆ ಹೆಸರು ತಂದ ಬಿ.ವಿ. ಪಂಡಿತರ ಸದ್ವೈದ್ಯಶಾಲೆ ಶುರುವಾದದ್ದು 1913ರಲ್ಲಿ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಆರೋಗ್ಯದ್ದು. ಹೊಗೆಸೊಪ್ಪು ಸೇರದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಪ್ರಕಟಿಸಿದೆ. ಇದ್ದಿಲು, ಇಟ್ಟಿಗೆಪುಡಿಗಳಿಂದ ಉಜ್ಜಿದರೆ ಹಲ್ಲು ಸವೆಯುವುದೂ ನಿಜ. ಹಾಗಾಗಿ ಹಳೆಯದೆಂಬ ಕಾರಣಕ್ಕೆ ಎಲ್ಲವನ್ನೂ ಎತ್ತಿಹಿಡಿಯಲಾಗದು. ಎಲೆಅಡಿಕೆ ಬಿಡುವುದೇ ಲೇಸು. ಆದರೆ ಬಿಟ್ಟರೆ ಬಾಯಿ ನಾರೀತೆಂಬ ಅಂಜಿಕೆ ಬೇಡ, ಏಕೆಂದರೆ ಹಳೆಯ ಕ್ರಮದಲ್ಲೂ ನಾತ ಕಳೆಯುವ ಹೊಣೆ ವೀಳ್ಯದ್ದಾಗಿರಲಿಲ್ಲ. ಅದು ಉಜ್ಜುವ, ಕೆರೆಯುವ, ಮುಕ್ಕಳಿಸುವ ಕೆಲಸಗಳದ್ದಾಗಿತ್ತು. ಕಡ್ಡಿಯ ಬದಲು ಬ್ರಷ್ ಬಂದರೂ ಆ ಮೂರಕ್ಕೆ ಇಂದಿಗೂ ಬದಲಿಯಿಲ್ಲ. ಮೂರನ್ನೂ ಮಾಡಿಯೂ ವಾಸನೆ ಉಳಿದರೆ ಅದು ಒಸಡಿನ ರೋಗದ ಸುಳಿವಾಗಿರಬಹುದು. ಆಗ ಹೋಗಬೇಕಾದದ್ದು ದಂತವೈದ್ಯರ ಬಳಿಗೆ. ಅಲ್ಲಿಗೆ ಹೋಗದೆ ಪುದೀನ ಮಿಠಾಯಿ ಜಗಿಯುವವರು ವೀಳ್ಯದ ಸುವಾಸನೆಯಲ್ಲಿ ಹುಳುಕು ಮುಚ್ಚಿಟ್ಟವರ ತಪ್ಪನ್ನೇ ಮಾಡುತ್ತಿದ್ದಾರೆ.